ಷಡ್ಡಕರು, ಜೀಪು ಮತ್ತು ಒಂಟಿ ಚಪ್ಪಲಿ

ಆಫ್ರಿಕಾಕ್ಕೆ ಹೋಗಿ ಬಂದವರನ್ನು ಎಲ್ಲರೂ ಕೇಳೋದು ಒಂದೇ, ಸಿಂಹ ನೋಡಿದ್ರಾ? ನೋಡಿದೆವು. ನಮೀಬಿಯಾದ ಎಟೋಷಾ ಅಭಯಾರಣ್ಯದಲ್ಲಿ ಮರದ ಕೆಳಗೆ ಮಲಗಿತ್ತು, ನಮ್ಮ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಕಾಟ ಕೊಟ್ಟವರು ಬೇರೆ, ಅವರಲ್ಲಿ ಮೊದಲನೆಯವರು ನನ್ನ ಷಡ್ಡಕರು.

ಹೆಂಡತಿಯ ಅಕ್ಕನ ಗಂಡ. ಗದಗಿನವರು. ರಿಟೈರ್ ಆದ ಮೇಲೆ ಎಲ್ಲಾದರೂ ದೂರ ಹೋಗಲೇಬೇಕು ಅಂತ ಹಟ ಹಿಡಿದಿದ್ದರು. ಅಕ್ಕತಂಗಿಯರು "ನೀವಿಬ್ಬರೇ ಹೋಗಿ ಬನ್ನಿ" ಅಂತ ಅಷ್ಟು ಬೇಗ ಯಾಕೆ ಒಪ್ಪಿದರು ಅನ್ನೋದು ಅಲ್ಲಿನ ರಾಜಧಾನಿ ವಿಂಡ್‌ಹುಕ್ ಬಿಟ್ಟು ಒಂದು ಗಂಟೆಯಲ್ಲಿ ನನಗೆ ಗೊತ್ತಾಯಿತು.

ನಮೀಬಿಯಾದಲ್ಲೂ ನಮ್ಮ ಹಾಗೆ ಎಡಗಡೆಯೇ ಗಾಡಿ ಓಡಿಸೋದು. ಕರ್ನಾಟಕದ ನಾಲ್ಕು ಪಟ್ಟಿಗಿಂತ ದೊಡ್ಡ ದೇಶ, ಜನ ಮಾತ್ರ ಸುಮಾರು 30 ಲಕ್ಷ. ದಾರಿಯುದ್ದಕ್ಕೂ ಹಾರ್ನ್ ಹೊಡೆಯೋಕೆ ಒಬ್ಬನೂ ಸಿಗೋಲ್ಲ. ಅದಕ್ಕೇ ಷಡ್ಡಕರು ಪಕ್ಕದ ಸೀಟಿನಿಂದ ಕೈ ಚಾಚಿ ಒರಿಕ್ಸ್ ಅನ್ನೋ ಉದ್ದ ಕೊಂಬಿನ ಜಿಂಕೆಗಳಿಗೆ ಹಾರ್ನ್ ಹೊಡೆಯುತ್ತಿದ್ದರು. ಪಾಪ, ಅವು ಹುಲ್ಲು ಮೇಯುತ್ತಾ ದೂರದಲ್ಲಿ ನಿಂತಿದ್ದವು. ಜಲ್ಲಿ ರಸ್ತೆಯಲ್ಲಿ 80 ದಾಟಬೇಡಿ ಅಂತ ಗಾಡಿ ಬಾಡಿಗೆ ಕೊಟ್ಟವರು ಎರಡೆರಡು ಸಲ ಹೇಳಿ ಕಳಿಸಿದ್ದರು. ಇವರದು ಬೇರೆ ರಾಗ. "ಖಾಲಿ ರಸ್ತಾ ಐತಿ, ಒತ್ರೀ ಇನ್ನಷ್ಟು!" ನಾನು ಒತ್ತಲಿಲ್ಲ. ಆದರೂ ಟೈರು ಪಂಕ್ಚರ್ ಆಯಿತು. ಜಾಕ್ ಸೀಟಿನ ಹಿಂದೆ, ಅದರ ಮೇಲೆ ಟೆಂಟಿನ ಸಾಮಾನು, ಅದರ ಮೇಲೆ ಇವರ ಮಂಡಕ್ಕಿ ಚೀಲ. ಎಲ್ಲದರ ಮೇಲೆ ರಸ್ತೆಯ ಕುಲುಕಾಟಕ್ಕೆ ಬಾಯಿ ಬಿಚ್ಚಿಕೊಂಡ ಗುರೆಳ್ಳು ಚಟ್ನಿಪುಡಿ. ಮರುಭೂಮಿಯ ಬಿಸಿಲಲ್ಲಿ ಅದನ್ನೆಲ್ಲ ಇಳಿಸಿ ನಾನು ಟೈರು ಬಿಚ್ಚುತ್ತಿದ್ದರೆ, ಇವರು ನೆರಳಿಲ್ಲದ ಜಾಗದಲ್ಲಿ ನೆರಳು ಹುಡುಕುತ್ತಿದ್ದರು.

ಸಾಲಿಟೇರ್ ಅನ್ನೋ ಪುಟ್ಟ ಜಾಗದಲ್ಲಿ ಪಂಕ್ಚರ್ ಹಾಕಿಸಿ ಅಲ್ಲಿನ ಹೆಸರಾಂತ ಆಪಲ್ ಪೈ ತಿಂದೆವು. ಅಲ್ಲಿ ಪೆಟ್ರೋಲ್ ಬಂಕಿನ ಹತ್ತಿರ ತುಕ್ಕು ಹಿಡಿದ ಹಳೇ ಕಾರುಗಳು ಮರಳಲ್ಲಿ ಹೂತು ನಿಂತಿವೆ, ಜನ ಅವುಗಳ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಅವುಗಳ ಮಾಲೀಕರೂ ಷಡ್ಡಕರ ಜೊತೆಗೇ ಬಂದಿರಬೇಕು ಅಂತ ನನ್ನ ಗುಮಾನಿ.

ಮಾರನೇ ದಿನ ಮರಳು ದಿಬ್ಬಗಳ ಸೊಸಸ್‌ವ್ಲೇ. ಸೆಸ್ರಿಯೆಮ್ ಗೇಟಿನಿಂದ 60 ಕಿಲೋಮೀಟರ್ ಒಳ್ಳೇ ಟಾರು ರಸ್ತೆ, ಕೊನೆಯ ಐದು ಕಿಲೋಮೀಟರ್ ಮಾತ್ರ ಬರೀ ಮರಳು. ಅಲ್ಲಿ ಟೈರಿನ ಗಾಳಿ ಇಳಿಸಿಕೊಂಡು ಹೋಗಬೇಕು. ಆಗ ಟೈರು ಅಗಲವಾಗಿ ಕೂತು ಮರಳಲ್ಲಿ ಹೂಳೋಲ್ಲ. ನಾನು ಇಳಿಸೋಕೆ ಬಗ್ಗಿದರೆ ಇವರು ಅಡ್ಡ ನಿಂತರು. "ಗಾಳಿ ತಗದ್ರ ಆಮ್ಯಾಲ ತುಂಬೋರು ಯಾರ್ರೀ? ಇಲ್ಲೇನ್ ನಿಮ್ಮಪ್ಪನ ಬಂಕ್ ಐತೇನು?" ಹಿರಿಯರು, ಮಾತು ಮೀರೋ ಹಾಗಿಲ್ಲ. ಅರ್ಧ ದಾರಿಯಲ್ಲಿ ಗಾಡಿ ಹೊಟ್ಟೆ ಊರಿ ಕೂತಿತು. ಇವರು ಹಿಂದಿನಿಂದ ತಳ್ಳಿದರು, ನಾನು ಆಕ್ಸಿಲರೇಟರ್ ಒತ್ತಿದೆ, ಮರಳೆಲ್ಲ ಅವರ ಮೇಲೆ. ಬೇಕಂತ ಮಾಡಿದ್ದಲ್ಲ, ಬೇಡ ಅಂತಲೂ ಇರಲಿಲ್ಲ. ಆ ದಾರಿಯಲ್ಲಿ ಬಂದ ಗೈಡ್ ಒಬ್ಬ ಒಂದು ಮಾತೂ ಆಡದೆ ನಾಲ್ಕೂ ಟೈರಿನ ಗಾಳಿ ಇಳಿಸಿ, ತಾನೇ ಕೂತು, ಗಾಡಿ ಹೊರಗೆ ತೆಗೆದ.

ಅಲ್ಲಿಂದ ನಡೆದು ಡೆಡ್‌ವ್ಲೇಗೆ ಹೋದೆವು. ಬಿಳಿ ನೆಲ, ಸುತ್ತ ಕೆಂಪು ದಿಬ್ಬ, ಮಧ್ಯೆ ನೂರಾರು ವರ್ಷಗಳ ಹಿಂದೆ ಸತ್ತ ಕಪ್ಪು ಮರಗಳು. ಗಾಳಿಯಲ್ಲಿ ತೇವವೇ ಇಲ್ಲದ್ದರಿಂದ ಕೊಳೆಯದೆ ಹಾಗೇ ನಿಂತಿವೆ. ಜಗತ್ತಿನ ಮೂಲೆ ಮೂಲೆಯಿಂದ ಬಂದವರು ಮಾತು ಮರೆತು ನೋಡುತ್ತಿದ್ದರು. ಷಡ್ಡಕರು ಸೊಂಟದ ಮೇಲೆ ಕೈ ಇಟ್ಟು, "ಇಷ್ಟ್ ಕಟಗಿ ಹಂಗ ಬಿಟ್ಟಾರಲ್ರೀ! ನಮ್ಮೂರಾಗಾಗಿದ್ರ ಎಂದೋ ಬಚ್ಚಲ ಒಲಿಗೆ ಹೋಗಿರ್ತಿದ್ವು" ಅಂದರು.

ನಮ್ಮ ಟೆಂಟು ಜೀಪಿನ ತಲೆ ಮೇಲೆ. ಏಣಿ ಹತ್ತಿ ಮಲಗಬೇಕು. ಅರವತ್ತು ದಾಟಿದವರಿಗೆ ರಾತ್ರಿ ಎಷ್ಟು ಸಲ ಇಳಿಯಬೇಕಾಗುತ್ತೆ ಅಂತ ಈ ಟೆಂಟು ಕಂಡುಹಿಡಿದವನು ಯೋಚಿಸಿಲ್ಲ. ಎಟೋಷಾದ ಒಕೌಕುಯೆಯೋ ಕ್ಯಾಂಪಿನಲ್ಲಿ ನೀರಿನ ಹೊಂಡಕ್ಕೆ ರಾತ್ರಿಯಿಡೀ ದೀಪ ಹಾಕಿರುತ್ತಾರೆ, ಖಡ್ಗಮೃಗ ಬಂದು ನೀರು ಕುಡಿಯೋದು ನೋಡಬಹುದು. ಅದನ್ನು ನೋಡಿ ಬಂದು ಆಗಷ್ಟೇ ಕಣ್ಣು ಮುಚ್ಚಿದ್ದೆ. ಏಣಿ ಕಿರ್ ಅಂತು. ಆಮೇಲೆ ಕೆಳಗಿನಿಂದ ಕೂಗು. "ನನ್ನ ಒಂದ್ ಚಪ್ಪಲಿ ಎಲ್ರೀ?"

ನರಿ ಒಯ್ದಿತ್ತು. ಅಲ್ಲಿನ ನರಿಗಳು ಕ್ಯಾಂಪಿನ ಕಸದ ಡಬ್ಬಿಯನ್ನೂ ಬಿಡೋಲ್ಲ, ಹೊರಗಿಟ್ಟ ಚಪ್ಪಲಿಯನ್ನೂ ಬಿಡೋಲ್ಲ ಅಂತ ಕಾವಲಿನವನು ಬೆಳಿಗ್ಗೆ ನಗುತ್ತಾ ಹೇಳಿದ. ಇಳಕಲ್ಲಿನಲ್ಲಿ ಕೊಂಡ ತೊಗಲಿನ ಚಪ್ಪಲಿ, ರುಚಿಯಾಗಿಯೇ ಇದ್ದಿರಬೇಕು. ಉಳಿದ ಒಂದನ್ನು ಬಿಸಾಕಿ ಅಂದರೆ ಕೇಳಲಿಲ್ಲ, ಜೋಪಾನವಾಗಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರು.

ರುಂಡು ಅನ್ನೋ ಊರಿನಲ್ಲಿ ಮಹಂಗು ಮುದ್ದೆ ಸಿಕ್ಕಿತು. ಮಹಂಗು ಅಂದರೆ ನಮ್ಮ ಸಜ್ಜೆಯೇ. ಅವತ್ತೊಂದು ದಿನ ಷಡ್ಡಕರು ಯಾವುದಕ್ಕೂ ತಕರಾರು ಮಾಡಲಿಲ್ಲ.

ಬೋಟ್ಸ್‌ವಾನಾ ಗಡಿಯಲ್ಲಿ ದನಗಳ ಕಾಲುಬಾಯಿ ಜ್ವರ ಒಳಗೆ ಬರಬಾರದು ಅಂತ ಎಲ್ಲರ ಚಪ್ಪಲಿ, ಬೂಟುಗಳನ್ನು ಔಷಧಿ ನೀರಲ್ಲಿ ಅದ್ದಿಸುತ್ತಾರೆ. ಹಾಕಿಕೊಂಡಿದ್ದಷ್ಟೇ ಅಲ್ಲ, ಚೀಲದಲ್ಲಿ ಇರೋದನ್ನೂ ತೆಗೆಯಬೇಕು. ಷಡ್ಡಕರು ಪ್ಲಾಸ್ಟಿಕ್ ಬಿಚ್ಚಿ ಒಂಟಿ ಚಪ್ಪಲಿ ಹೊರತೆಗೆದರು. ಅಧಿಕಾರಿಣಿ ಅದನ್ನೂ ಅವರ ಮುಖವನ್ನೂ ನೋಡಿದಳು.

"ಇನ್ನೊಂದು ಎಲ್ಲಿ?"

"ನರಿ ಹತ್ರ."

ಆಕೆ ಸ್ವಲ್ಪವೂ ನಗಲಿಲ್ಲ. "ಅದು ಈ ಕಡೆ ಬಂದರೆ ಅದನ್ನೂ ಅದ್ದಿಸುತ್ತೇನೆ" ಅಂದು ನಮ್ಮನ್ನು ಮುಂದಕ್ಕೆ ಬಿಟ್ಟಳು. ಷಡ್ಡಕರು ಕಾರಿಗೆ ಬಂದು ಕೂತು, "ನರೀನ್ನೋ, ಚಪ್ಪಲೀನ್ನೋ?" ಅಂತ ನನ್ನನ್ನು ಆ ಕಡೆಯ ಕಸಾನೆ ಊರಿನವರೆಗೂ ಕೇಳುತ್ತಲೇ ಇದ್ದರು.