ಆ ಐದನೇ ದಿನವನ್ನು ಕಿತ್ತುಕೊಳ್ಳಬೇಡಿ

2025ರ ಆಗಸ್ಟ್ 4ರ ಬೆಳಗಿನ ಆಟ ನೆನಪಿದೆಯಾ? ಓವಲ್ ಮೈದಾನ, ಸರಣಿಯ ಕೊನೆಯ ಟೆಸ್ಟ್, ಐದನೇ ದಿನ. ಇಂಗ್ಲೆಂಡಿಗೆ ಬೇಕಿದ್ದದ್ದು 35 ರನ್, ನಮಗೆ ನಾಲ್ಕು ವಿಕೆಟ್. ಒಂದು ಗಂಟೆಯೊಳಗೆ ಎಲ್ಲಾ ಮುಗಿಯಿತು. ಸಿರಾಜ್ ಕೊನೆಯ ವಿಕೆಟ್ ಕಿತ್ತರು, ಭಾರತ 6 ರನ್ನಿನಿಂದ ಗೆದ್ದಿತು. ಆ ಸರಣಿಯ ಐದಕ್ಕೆ ಐದೂ ಟೆಸ್ಟ್ ಐದನೇ ದಿನ ಕಂಡವು.

ಅದೇ ವರ್ಷ ಇನ್ನೊಂದು ಸುದ್ದಿಯೂ ಬಂತು. ಸಣ್ಣ ದೇಶಗಳು ನಾಲ್ಕೇ ದಿನದ ಟೆಸ್ಟ್ ಆಡಲು ಐಸಿಸಿ (ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ) ಒಪ್ಪುವ ಯೋಚನೆಯಲ್ಲಿದೆ ಅಂತ. ಇದು ಹೊಸ ಮಾತಲ್ಲ. 2017ರ ಡಿಸೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ, ಜಿಂಬಾಬ್ವೆ ಪ್ರಯೋಗಕ್ಕೆ ಅಂತ ನಾಲ್ಕು ದಿನದ ಟೆಸ್ಟ್ ಆಡಿದ್ದವು. ಅದು ಎರಡೇ ದಿನಕ್ಕೆ ಮುಗಿಯಿತು ಬಿಡಿ. ನಂತರ ಎಲ್ಲರಿಗೂ ನಾಲ್ಕು ದಿನ ಕಡ್ಡಾಯ ಮಾಡುವ ಮಾತು ಬಂದಾಗ ಸಚಿನ್, ಕೊಹ್ಲಿ ಇಬ್ಬರೂ ಬೇಡ ಅಂದರು. ನಾನೂ ಬೇಡ ಅನ್ನುವವನೇ.

ಲೆಕ್ಕ ನೋಡಿ. ಈಗ ದಿನಕ್ಕೆ 90 ಓವರ್, ಐದು ದಿನಕ್ಕೆ 450. ನಾಲ್ಕು ದಿನದ ಆಟದಲ್ಲಿ ದಿನಕ್ಕೆ 98 ಅಂತೆ. ಅಂದರೆ 392. ಈಗಿನ 90 ಓವರೇ ಅರ್ಧ ಗಂಟೆ ಜಾಸ್ತಿ ಕೊಟ್ಟರೂ ಎಷ್ಟೋ ಸಲ ಮುಗಿಯುವುದಿಲ್ಲ. 98 ಎಲ್ಲಿಂದ ಮುಗಿಸುತ್ತಾರೆ? ಒಂದು ದಿನ ಮಳೆ ಬಂದರೆ ಉಳಿಯುವುದು ಮೂರೇ ದಿನ.

ಓವರ್ ಲೆಕ್ಕಕ್ಕಿಂತ ನನ್ನನ್ನು ಕಾಡುವುದು ಪಿಚ್ಚಿನ ವಿಷಯ. ಮೊದಲ ದಿನ ವೇಗಿಗಳಿಗೆ ನೆರವಾದ ಪಿಚ್ ಮೂರನೇ ದಿನಕ್ಕೆ ಒಣಗುತ್ತದೆ. ಬೌಲರುಗಳ ಕಾಲು ಬಿದ್ದ ಜಾಗ ಒರಟಾಗುತ್ತದೆ. ಕೊನೆಗೆ ಬಿರುಕು ಬಿಟ್ಟು ಒಂದು ಚೆಂಡು ಎಗರಿದರೆ ಇನ್ನೊಂದು ಕಾಲ ಬುಡಕ್ಕೇ ಬರುತ್ತದೆ. ಸ್ಪಿನ್ನರ್ ನಾಲ್ಕು ದಿನ ಕಾದದ್ದು ಅದಕ್ಕೇ ಅಲ್ವಾ? ಆ ಹೊತ್ತಿಗೆ ಆಟವೇ ಮುಗಿದರೆ ತಂಡಗಳು ಸ್ಪಿನ್ನರ್ ಬದಲು ಇನ್ನೊಬ್ಬ ವೇಗಿಯನ್ನೇ ಆಡಿಸುತ್ತವೆ.

ಆಸ್ಟ್ರೇಲಿಯಾ ವಿರುದ್ಧದ 2001ರ ಕೋಲ್ಕತ್ತಾ ಟೆಸ್ಟ್ ತಗೊಳ್ಳಿ. ಫಾಲೋ ಆನ್ ಆದ, ಅಂದರೆ ಮೊದಲ ಇನಿಂಗ್ಸಿನಲ್ಲಿ ತುಂಬಾ ಹಿಂದೆ ಬಿದ್ದು ತಕ್ಷಣ ಮತ್ತೆ ಬ್ಯಾಟ್ ಮಾಡಬೇಕಾದ ಭಾರತ. ನಾಲ್ಕನೇ ದಿನ ಪೂರ್ತಿ ಲಕ್ಷ್ಮಣ್, ದ್ರಾವಿಡ್ ಬ್ಯಾಟ್ ಮಾಡಿದರು, ಒಂದು ವಿಕೆಟ್ಟೂ ಬೀಳಲಿಲ್ಲ. ಇಬ್ಬರೂ ಸೇರಿ 376 ರನ್ ಪೇರಿಸಿದರು. ನಾಲ್ಕು ದಿನದ ಪಂದ್ಯವಾಗಿದ್ದರೆ ಅಲ್ಲಿಗೇ ಡ್ರಾ. ಐದನೇ ದಿನ ಚಹಾ ವಿರಾಮದ ಹೊತ್ತಿಗೂ ಆಸ್ಟ್ರೇಲಿಯಾದ ಮೂರೇ ವಿಕೆಟ್ ಹೋಗಿದ್ದವು. ಹರ್ಭಜನ್ ಗೆದ್ದುಕೊಟ್ಟದ್ದು ಅದಾದ ಮೇಲೆ.

ಸಣ್ಣ ದೇಶಗಳ ಕಷ್ಟ ನನಗೆ ಅರ್ಥವಾಗುತ್ತದೆ. ಐದು ದಿನದ ಪಂದ್ಯ ನಡೆಸುವ ಖರ್ಚು ದೊಡ್ಡದು. ಒಂದೊಂದು ದಿನ ಉಳಿದರೆ ಎರಡರ ಬದಲು ಮೂರು ಪಂದ್ಯದ ಸರಣಿ ಆಡಬಹುದು ಅನ್ನುವುದೂ ಸುಳ್ಳಲ್ಲ. ಆದರೆ ಅದು ದುಡ್ಡಿನ ಸಮಸ್ಯೆ. ದೊಡ್ಡ ಮಂಡಳಿಗಳು ಆದಾಯದಲ್ಲಿ ಇನ್ನಷ್ಟು ಪಾಲು ಬಿಟ್ಟುಕೊಟ್ಟರೆ ಪರಿಹಾರ ಸಿಗುತ್ತದೆ. ಶ್ರೀಮಂತರಿಗೆ ಐದು ದಿನ, ಉಳಿದವರಿಗೆ ನಾಲ್ಕು ಅಂದರೆ ಅದು ಒಂದೇ ಆಟ ಹೇಗಾಗುತ್ತದೆ?

ನಿಜವಾಗಿ ಉಳಿಸಬೇಕಾದದ್ದು ದಿನದೊಳಗೆ ಪೋಲಾಗುವ ಸಮಯವನ್ನು. ಗ್ಲೌಸ್ ಬದಲಾಯಿಸುವುದು, ನೀರು ತರುವುದು, ಪ್ರತಿ ಚೆಂಡಿಗೂ ಫೀಲ್ಡಿಂಗ್ ತಿದ್ದುವುದು. 2025ರಲ್ಲಿ ಟೆಸ್ಟಿಗೂ ಸ್ಟಾಪ್ ಕ್ಲಾಕ್ ಬಂತು. ಓವರ್ ಮುಗಿದ 60 ಸೆಕೆಂಡಿನೊಳಗೆ ಮುಂದಿನದು ಶುರುವಾಗಬೇಕು. ತಡವಾದರೆ ಫೀಲ್ಡಿಂಗ್ ತಂಡಕ್ಕೆ ಎರಡು ಎಚ್ಚರಿಕೆ, ಆಮೇಲೆ 5 ರನ್ ದಂಡ. ನನಗೆ ತುಂಬಾ ಇಷ್ಟವಾದ ನಿಯಮ ಇದು, ಯಾಕಂದರೆ ಪೆಟ್ಟು ಸ್ಕೋರ್‌ಬೋರ್ಡಿಗೇ ಬೀಳುತ್ತದೆ. ಪಂದ್ಯ ಮುಗಿದ ಮೇಲೆ ಸಂಭಾವನೆಯಲ್ಲಿ ಒಂದಿಷ್ಟು ಕಡಿತ ಮಾಡಿದರೆ ಯಾರೂ ಬೇಗ ಬೌಲ್ ಮಾಡುವುದಿಲ್ಲ. ಬ್ಯಾಟ್ಸ್‌ಮನ್ ಸುಮ್ನೆ ಸಮಯ ಕಳೆದರೂ ಇಷ್ಟೇ ಬಿಗಿಯಾಗಿ ದಂಡ ಹಾಕಬೇಕು.

 

ಇನ್ನು ಗಾಯಾಳುವಿಗೆ ಬದಲಿ ಆಟಗಾರ. ತಲೆಗೆ ಪೆಟ್ಟಾದರೆ 2019ರಿಂದ ಬದಲಿ ಇದೆ. ಲಾರ್ಡ್ಸ್‌ನಲ್ಲಿ ಆಸ್ಟ್ರೇಲಿಯಾದ ಸ್ಮಿತ್ ಬದಲು ಬಂದ ಲಬುಶೇನ್ 59 ರನ್ ಹೊಡೆದದ್ದು ನೆನಪಿರಬಹುದು. 2025ರ ಆ ಸರಣಿಯಲ್ಲಿ, ಉಳಿದ ಗಾಯಗಳಿಗೂ ಬೇಕು ಅಂತ ಭಾರತದ ಕೋಚ್ ಆಗಿದ್ದ ಗಂಭೀರ್, ಅದು ಹಾಸ್ಯಾಸ್ಪದ ಅಂತ ಇಂಗ್ಲೆಂಡ್ ನಾಯಕರಾಗಿದ್ದ ಸ್ಟೋಕ್ಸ್. ಅದೇ ಸರಣಿಯ ಮ್ಯಾಂಚೆಸ್ಟರ್ ಟೆಸ್ಟಿನಲ್ಲಿ ಪಂತ್ ಪಾದದ ಮೂಳೆ ಮುರಿದುಕೊಂಡು ಕುಂಟುತ್ತಾ ಕ್ರೀಸಿಗೆ ಬಂದಾಗ ಎಲ್ಲರೂ ಚಪ್ಪಾಳೆ ಹೊಡೆದೆವು. 2002ರಲ್ಲಿ ಆಂಟಿಗುವಾದಲ್ಲಿ ದವಡೆ ಮುರಿದ ಕುಂಬ್ಳೆ ಮುಖಕ್ಕೆ ಬ್ಯಾಂಡೇಜ್ ಸುತ್ತಿಕೊಂಡು ಲಾರಾ ವಿಕೆಟ್ ಪಡೆದದ್ದನ್ನು ನಾವು ಇವತ್ತಿಗೂ ಹೇಳುತ್ತೇವೆ. ನಾನೂ ಹೆಮ್ಮೆಯಿಂದಲೇ ಹೇಳುತ್ತೇನೆ. ಹಾಗಂತ ಮೂಳೆ ಮುರಿದವನು ಆಡಲೇಬೇಕು ಅನ್ನುವ ಸ್ಥಿತಿ ತರಬಾರದು. ಕಣ್ಣಿಗೆ ಕಾಣುವ ದೊಡ್ಡ ಗಾಯಕ್ಕೆ ಮಾತ್ರ, ಎರಡೂ ತಂಡಕ್ಕೆ ಸೇರದ ವೈದ್ಯರು ಒಪ್ಪಿದ ಮೇಲೆ, ಅದೇ ಬಗೆಯ ಆಟಗಾರ ಬರಲಿ.

ಓವಲ್‌ನಲ್ಲಿ ಇಂಗ್ಲೆಂಡಿನ ವೇಗಿ ವೋಕ್ಸ್ ಮೊದಲ ದಿನವೇ ಭುಜಕ್ಕೆ ಪೆಟ್ಟು ಮಾಡಿಕೊಂಡು ಹೊರಹೋದರು. ಎರಡನೇ ಇನಿಂಗ್ಸ್ ಪೂರ್ತಿ ಇಂಗ್ಲೆಂಡಿಗೆ ಒಬ್ಬ ವೇಗಿ ಕಡಿಮೆ. ಕೊನೆಯ ದಿನ ಕೈಯನ್ನು ಜೋಳಿಗೆಗೆ ಕಟ್ಟಿ, ಸ್ವೆಟರ್ ಒಳಗೆ ಇಟ್ಟುಕೊಂಡು ಬ್ಯಾಟಿಗೆ ಬಂದರು. ಅವರ ಜಾಗಕ್ಕೆ ಇನ್ನೊಬ್ಬ ಬೌಲರ್ ಇದ್ದಿದ್ದರೆ ಆ 6 ರನ್ನಿನ ಗೆಲುವು ನಮಗೆ ಸಿಗುತ್ತಿತ್ತೋ ಇಲ್ಲವೋ. ಆದರೂ ಆ ನಿಯಮ ಬರಲಿ ಅಂತಲೇ ಹೇಳುತ್ತೇನೆ.