ಡೈವರ್ಜೆನ್ಸ್ ಕಂಡ ಕೂಡಲೇ ಮಾರಿಬಿಡಬೇಕೇ?

ಷೇರಿನ ಬೆಲೆ ಹೊಸ ಎತ್ತರ ಮುಟ್ಟಿ, ಆರ್‌ಎಸ್‌ಐ ಎಂಬ ಸೂಚಕ ಮುಟ್ಟದಿದ್ದರೆ ಅದು ಡೈವರ್ಜೆನ್ಸ್, ಅಂದರೆ ಎರಡೂ ಬೇರೆ ಬೇರೆ ದಾರಿ ಹಿಡಿಯುವುದು; ಹಾಗಾದರೆ ಕುಸಿತ ಖಚಿತ ಎಂದು ಷೇರು ಚಾರ್ಟ್‌ಗಳ ಬಗೆಗಿನ ಒಂದು ಲೇಖನದಲ್ಲಿ ಅದರ ಲೇಖಕರು ಬರೆದಿದ್ದಾರೆ. ಆ ‘ಖಚಿತ’ದ ಬಗ್ಗೆ ನನ್ನ ತಕರಾರಿದೆ. ಆರ್‌ಎಸ್‌ಐ ಅಳೆಯುವುದು ಬೆಲೆಯನ್ನಲ್ಲ, ಅದರ ಓಟದ ಬಿರುಸನ್ನು. ಲೆಕ್ಕ ನೋಡಿ: 14 ದಿನಗಳ ಸರಾಸರಿ ಏರಿಕೆ 30 ರೂಪಾಯಿ, ಸರಾಸರಿ ಇಳಿಕೆ 10 ರೂಪಾಯಿ ಇದ್ದಾಗ ಆರ್‌ಎಸ್‌ಐ 75, ಅಂದರೆ ಒಟ್ಟು 40ರಲ್ಲಿ ಏರಿಕೆಯ ಶೇಕಡಾ ಪಾಲು. ಏರಿಕೆ 20ಕ್ಕೆ ತಗ್ಗಿ ಇಳಿಕೆ 10ರಲ್ಲೇ ನಿಂತರೆ ಅದು 67ರ ಆಸುಪಾಸಿಗೆ ಬರುತ್ತದೆ. ಷೇರು ಮಾತ್ರ ಇನ್ನೂ ಮೇಲಕ್ಕೇ ಹೋಗುತ್ತಿರುತ್ತದೆ. ಘಾಟಿ ಹತ್ತುವ ಬಸ್ಸು ಮೂರನೇ ಗೇರಿನಿಂದ ಎರಡಕ್ಕೆ ಇಳಿದಂತೆ, ಅಷ್ಟೇ. ಹಿಂದಕ್ಕೆ ಉರುಳುತ್ತಿದೆ ಎಂದು ಕಿಟಕಿಯಿಂದ ಹಾರುವವರುಂಟೇ? ನಾನು ಹಾರಿದ್ದೆ. ಒಂದು ಬ್ಯಾಂಕ್ ಷೇರಿನಲ್ಲಿ ಒಂದರ ಹಿಂದೊಂದು ಮೂರು ಡೈವರ್ಜೆನ್ಸ್ ಕಂಡು ಮೂರು ಸಲ ಶಾರ್ಟ್ ಮಾಡಿದೆ, ಅಂದರೆ ಬೆಲೆ ಬಿದ್ದ ಮೇಲೆ ಕೊಳ್ಳೋಣವೆಂದು ಮೊದಲೇ ಮಾರಿದೆ; ಮೂರೂ ಸಲ ಬೆಲೆ ಏರಿ ಸ್ಟಾಪ್‌ಲಾಸ್ (ನಷ್ಟಕ್ಕೆ ನಾನೇ ಹಾಕಿಕೊಂಡ ಮಿತಿ) ಬಡಿಯಿತು. ನಾಲ್ಕನೆಯದು ನಿಜವಾಯಿತು, ಆ ಹೊತ್ತಿಗೆ ನನ್ನ ಬಳಿ ದುಡ್ಡೂ ಉಳಿದಿರಲಿಲ್ಲ, ಧೈರ್ಯವೂ ಉಳಿದಿರಲಿಲ್ಲ.

ಇನ್ನೊಂದು ಮಾತು. ಲೇಖನದ ಚಿತ್ರದಲ್ಲಿ ಎರಡನೇ ಶಿಖರ ಅಷ್ಟು ಸ್ಪಷ್ಟವಾಗಿ ಕಾಣುವುದು ಬೆಲೆ ಬಿದ್ದ ಮೇಲೆ ಗೆರೆ ಎಳೆದಿದ್ದರಿಂದ. ಆ ದಿನ ಪರದೆಯ ಮುಂದೆ ಕುಳಿತವನಿಗೆ ಅದು ಶಿಖರವೋ ಮೆಟ್ಟಿಲೋ ತಿಳಿಯುವುದಿಲ್ಲ. ಹಿಂದಿನ ತಗ್ಗನ್ನು ಬೆಲೆ ಮುರಿಯುವವರೆಗೆ ನಾನೀಗ ಕೈಕಟ್ಟಿ ಕೂರುತ್ತೇನೆ.