ಹನ್ನೊಂದನೆಯ ಮರಿ

ನಮ್ಮ ಮನೆಯ ಬಾತುಕೋಳಿ ತನ್ನ ಒಂದು ಮರಿಯನ್ನು ಹತ್ತಿರವೇ ಸೇರಿಸಲಿಲ್ಲ. ನೋಡಲು ಬಂದವರೆಲ್ಲ ಅದಕ್ಕೆ ಬೈದು ಹೋದರು. "ಎಂಥಾ ತಾಯಿ ಮಾರಾಯ್ರೆ ಇದು, ಕರುಳೇ ಇಲ್ವಾ" ಅಂದರು ಪಕ್ಕದ ಮನೆಯವರು. ನನಗೆ ತುಂಬಾ ಬೇಜಾರಾಯಿತು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮದು ತೀರ್ಥಹಳ್ಳಿ ಕಡೆ. ತೋಟದ ಕೆಳಗೆ ಸಣ್ಣ ಕೆರೆ, ಅದರಲ್ಲಿ ನಾಲ್ಕೈದು ಬಾತು. ಮಳೆ ಹಿಡಿಯುವ ಮೊದಲು ಒಂದು ಹೆಣ್ಣು ಕಟ್ಟಿಗೆ ರಾಶಿಯ ಹಿಂದೆ ದರಗು ಗುಡ್ಡೆ ಹಾಕಿಕೊಂಡು ಹನ್ನೊಂದು ಮೊಟ್ಟೆ ಇಟ್ಟಿತು. ಬಾತು ಎಲ್ಲ ಮೊಟ್ಟೆ ಇಟ್ಟು ಮುಗಿಸಿದ ಮೇಲೇ ಗಟ್ಟಿಯಾಗಿ ಕಾವಿಗೆ ಕೂರುವುದು. ಹಾಗಾಗಿ ಮೊದಲು ಇಟ್ಟದ್ದು, ಕೊನೆಗೆ ಇಟ್ಟದ್ದು ಎಲ್ಲ ಸುಮಾರು 28 ದಿನಕ್ಕೆ ಒಟ್ಟಿಗೇ ಒಡೆಯುತ್ತವೆ. ಆರಿದ್ರಾ ಮಳೆ ಹೊಯ್ಯುತ್ತಿದ್ದಾಗ ಹತ್ತು ಮರಿ ಹೊರಗೆ ಬಂದವು. ಹನ್ನೊಂದನೆಯದು ಬಂದದ್ದು ಮಾರನೇ ದಿನ ಸಂಜೆ. ಆ ಹೊತ್ತಿಗೆ ತಾಯಿ ಗೂಡು ಬಿಟ್ಟು ಹತ್ತನ್ನೂ ಕರೆದುಕೊಂಡು ಅಂಗಳಕ್ಕೆ ಇಳಿದಾಗಿತ್ತು.

ಅದು ಇಳಿಯಲೇಬೇಕಿತ್ತು. ಮರಿಯ ಹೊಟ್ಟೆಯಲ್ಲಿ ಉಳಿದ ಮೊಟ್ಟೆಯ ಹಳದಿ ಒಂದೆರಡು ದಿನಕ್ಕಷ್ಟೇ ಸಾಕು. ಆಮೇಲೆ ನೀರು ಬೇಕು, ಹುಳ ಹುಪ್ಪಟೆ ಬೇಕು. ಒಂದಕ್ಕಾಗಿ ಕಾದು ಕೂತರೆ ಹತ್ತೂ ಹಸಿಯುತ್ತವೆ. ಜೊತೆಗೆ ಮುಂಗುಸಿ, ಹದ್ದು, ಕೇರೆ ಹಾವು. ಅದಕ್ಕೆ ಹತ್ತು ಕೈ ಇದೆಯಾ?

ನಾನು ಮರಿಯನ್ನು ತಂದು ಅದರ ಮುಂದೆ ಬಿಟ್ಟೆ. ಕುಕ್ಕಿತು. ರಾತ್ರಿ ಕತ್ತಲಲ್ಲಿ ಮೆಲ್ಲಗೆ ರೆಕ್ಕೆಯ ಕೆಳಗೆ ತೂರಿಸಿದೆ. ಬೆಳಿಗ್ಗೆ ನೋಡಿದರೆ ಗೋಡೆಯ ಬದಿ ಬಿದ್ದಿತ್ತು, ತಲೆಯ ಮೇಲೆ ಚರ್ಮ ಕಿತ್ತು ಬಂದಿತ್ತು. ಮೊಟ್ಟೆಯೊಳಗೆ ಇರುವಾಗಲೇ ಮರಿಗಳು ಚಿಂವ್ ಅನ್ನುತ್ತವೆ, ತಾಯಿ ಹೊರಗಿಂದ ಉತ್ತರ ಕೊಡುತ್ತದೆ. ಆ ಮಾತುಕತೆ ಹತ್ತರ ಜೊತೆ ಮುಗಿದ ಮೇಲೆ ಬಂದದ್ದು ಅದಕ್ಕೆ ಹೊರಗಿನದಾಗಿ ಕಂಡಿರಬೇಕು. ಇದು ನನ್ನ ಊಹೆ. ಆದರೆ ಒಂದನ್ನು ಗಟ್ಟಿಯಾಗಿ ಹೇಳುತ್ತೇನೆ: ಎರಡು ಸಲ ನೋಡಿ, ಮೂರನೇ ಸಲ ಬಿಡಬೇಡಿ. "ಅಮ್ಮನ ಹತ್ರಾನೇ ಇರ್ಲಿ" ಅಂತ ಹಟ ಮಾಡಿದರೆ ಸಾಯುವುದು ಮರಿ.

ಚೊಚ್ಚಲ ಹಸು ಕರುವನ್ನು ಒದ್ದರೆ ನಾವು ಏನಂತೀವಿ? "ಪಾಪ, ರೂಢಿ ಇಲ್ಲ" ಅಂತೀವಿ. ಕರುವಿನ ಮೈಗೆ ಉಪ್ಪು ಸವರಿ ನೆಕ್ಕಿಸುತ್ತೀವಿ. ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳ ತುಂಬ ಬೆಳ್ಳಕ್ಕಿ ಗೂಡು ಕಟ್ಟುತ್ತವೆ. ಅವು ಮೊದಲ ಮೊಟ್ಟೆಯಿಂದಲೇ ಕಾವಿಗೆ ಕೂರುವುದರಿಂದ ಗೂಡಿನಲ್ಲಿ ಒಂದು ಮರಿ ದೊಡ್ಡದು, ಒಂದು ತೀರಾ ಸಣ್ಣದು. ದೊಡ್ಡವು ಕುಕ್ಕಿ ತಳ್ಳಿ ಮೀನು ಕಸಿಯುತ್ತವೆ. ಎಷ್ಟೋ ಸಲ ಸಣ್ಣದು ಹಸಿದೇ ಸಾಯುತ್ತದೆ, ತಾಯಿ ತಂದೆ ನಡುವೆ ಬರುವುದಿಲ್ಲ. ಅಲ್ಲಿ ನಿಂತು ನಾವು ಯಾರೂ ಬೆಳ್ಳಕ್ಕಿಗೆ ಬೈಯುವುದಿಲ್ಲ. ಅಂಗಳದ ಬಾತಿಗೆ ಮಾತ್ರ ಯಾಕೆ?

ಮರಿಯನ್ನು ಬಚ್ಚಲೊಲೆಯ ಪಕ್ಕ ಬುಟ್ಟಿಯಲ್ಲಿಟ್ಟೆ. ಮೊದಲ ವಾರ 32 ಡಿಗ್ರಿಯಷ್ಟು ಬಿಸಿ ಬೇಕು. ಬಲ್ಬ್ ನಂಬಿಕೊಂಡರೆ ನಮ್ಮ ಮಳೆಗಾಲದ ಕರೆಂಟ್ ಗೊತ್ತಲ್ಲ, ಬಿಸಿನೀರಿನ ಬಾಟಲಿಗೆ ಹಳೇ ಪಂಚೆ ಸುತ್ತಿ ಇಟ್ಟೆ. ಪಕ್ಕದ ಮನೆಯ ಹುಡುಗ "ಬಾತು ಅಲ್ವಾ, ಈಜ್ಲಿ" ಅಂತ ಬಕೆಟ್ಟಿಗೆ ಬಿಟ್ಟುಬಿಟ್ಟ. ಎರಡೇ ನಿಮಿಷಕ್ಕೆ ತೊಯ್ದು ನಡುಗತೊಡಗಿತು. ತಾಯಿ ಇರುವ ಮರಿ ಒದ್ದೆಯಾದರೆ ಅದರ ಹೊಟ್ಟೆಯಡಿ ನುಗ್ಗಿ ಒಣಗುತ್ತದೆ. ಇದಕ್ಕೆ ಯಾರಿದ್ದಾರೆ? ಕೊಕ್ಕು ಮೂಗಿನವರೆಗೆ ಮುಳುಗುವಷ್ಟು ನೀರು ಕುಡಿಯಲು ಸಾಕು, ಅಷ್ಟೇ.

ಆಹಾರದಲ್ಲೂ ಎಚ್ಚರ ಬೇಕು. ಹಾಲು, ಬ್ರೆಡ್ ಹಾಕಬೇಡಿ. ಬಾತಿನ ಮರಿಗೆ ಕೋಳಿ ಮರಿಗಿಂತ ಜಾಸ್ತಿ ನಿಯಾಸಿನ್ ಅನ್ನುವ ವಿಟಮಿನ್ ಬೇಕು. ಬರೀ ಕೋಳಿ ಫೀಡ್ ತಿಂದರೆ ಕಾಲು ಸೋಲುತ್ತವೆ. ನಮ್ಮದೂ ಐದನೇ ದಿನ ಮಂಡಿ ಊರಿ ಕೂತಿತ್ತು. ಪಶುವೈದ್ಯರು ನೀರಿಗೆ ವಿಟಮಿನ್ ಬೆರೆಸಿ ಕೊಡಲು ಹೇಳಿದರು. ಮೂರ್ನಾಲ್ಕು ದಿನಕ್ಕೆ ಎದ್ದು ಓಡಾಡಿತು.

ನನ್ನ ಕರುಳು ಹಿಂಡಿದ್ದು ಅದರ ಕೂಗು. ಹೊಟ್ಟೆ ತುಂಬಿದರೂ, ಬೆಚ್ಚಗಿದ್ದರೂ ಕೂಗುತ್ತಲೇ ಇತ್ತು. ಕೊನೆಗೆ ಅಮ್ಮ ಗೋಡೆಯ ಸಣ್ಣ ಕನ್ನಡಿ ತಂದು ಬುಟ್ಟಿಯಲ್ಲಿ ಇಟ್ಟಳು. ಮರಿ ಕನ್ನಡಿಯ ಹತ್ತಿರ ಹೋಯಿತು. ಅಲ್ಲಿದ್ದ ಮರಿಯನ್ನು ನೋಡಿತು. ಕೆನ್ನೆ ಒತ್ತಿಕೊಂಡು, ಕಣ್ಣು ಮುಚ್ಚಿ ಮಲಗಿಬಿಟ್ಟಿತು.

ಈಗ ಎಂಟು ವಾರ. ಗರಿ ಬಂದಿದೆ, ಉಳಿದವುಗಳ ಜೊತೆ ಕೆರೆಗೆ ಇಳಿಯುತ್ತದೆ. ತಾಯಿ ಪಕ್ಕದಲ್ಲೇ ಈಜಿಕೊಂಡು ಹೋಗುತ್ತದೆ, ಕುಕ್ಕುವುದಿಲ್ಲ. ಸಂಜೆ ಹತ್ತೂ ಗೂಡಿಗೆ ಹೋದರೆ ಇದೊಂದು ಮಾತ್ರ ಮೆಟ್ಟಿಲು ಹತ್ತಿ ಬಚ್ಚಲ ಬಾಗಿಲಿಗೆ ಬಂದು ನಿಲ್ಲುತ್ತದೆ.